ಬಚ್ಚಲ ನೀರು ತಿಳಿಯಾದ ದಿನಗಳು

ನಮ್ಮ ಮನೆಯಲ್ಲಿ ಪ್ರತಿ ವಾರಕ್ಕೂ ಒಂದು ಅಕ್ಷರವಿತ್ತು. ಎ ವಾರವೆಂದರೆ ಅಪ್ಪ ನಸುಕಿನಲ್ಲೇ ಎದ್ದು ಆರು ಗಂಟೆಯ ಪಾಳಿಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಹೋಗಿ, ಮಧ್ಯಾಹ್ನ ಮೂರೂವರೆಗೆ ಹೊಸಪೇಟೆಯ ಮನೆಗೆ ಮರಳುವ ವಾರ. ಬಿ ವಾರದಲ್ಲಿ ಅವನು ಹನ್ನೆರಡಕ್ಕೆ ಉಂಡು ಹೊರಡುತ್ತಿದ್ದ. ಸಿ ಎಂದರೆ ರಾತ್ರಿ ಪಾಳಿ. ಆ ವಾರ ಹಗಲೆಲ್ಲ ನಡುಮನೆಯ ಬಾಗಿಲು ಮುಚ್ಚಿರುತ್ತಿತ್ತು, ಕುಕ್ಕರು ಸೀಟಿ ಹಾಕುವಂತಿರಲಿಲ್ಲ, ಅಜ್ಜಿ ಟಿವಿಯನ್ನು ದನಿಯಿಲ್ಲದೆ ನೋಡುತ್ತ ಪಾತ್ರಗಳ ಮಾತನ್ನು ತಾನೇ ಪಿಸುಗುಟ್ಟಿಕೊಳ್ಳುತ್ತಿದ್ದಳು. ಭಾನುವಾರ ಅಪ್ಪನಿಗೆ ರಜೆ. ಅಂದು ತಲೆಗೆ ಎರೆದುಕೊಂಡು, ವಿಭೂತಿ ಹಚ್ಚಿಕೊಂಡು, ಲಿಂಗಪೂಜೆ ಮುಗಿಸಿ, ಪಡಸಾಲೆಯ ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರಿನ ಮುಂದೆ ನಿಲ್ಲುತ್ತಿದ್ದ. ಜೇಬಿನಿಂದ ಪೆನ್ನು ತೆಗೆದು ಮುಂದಿನ ವಾರದ ಚೌಕಗಳಲ್ಲಿ ಒಂದೊಂದೇ ಅಕ್ಷರ ಬರೆಯುತ್ತಿದ್ದ. ಎ ಆದ ಮೇಲೆ ಬಿ, ಬಿ ಆದ ಮೇಲೆ ಸಿ, ಮತ್ತೆ ಎ. ಆ ಅಕ್ಷರ ಬೀಳುವ ತನಕ ಅವ್ವ ನಾಳೆಯ ಅಡುಗೆ ಏನೆಂದು ಹೇಳುತ್ತಿರಲಿಲ್ಲ.

ನಾನಾಗ ಏಳನೇ ತರಗತಿಯಲ್ಲಿದ್ದೆ. ನಮ್ಮ ಓಣಿಗೆ ನಲ್ಲಿ ನೀರು ದಿನಾ ಬರುತ್ತಿರಲಿಲ್ಲ. ಯಾವ ದಿನ ಬಂತು, ಎಷ್ಟು ಕೊಡ ತುಂಬಿದೆವು ಎಂದು ಬರೆದಿಡುವ ಕೆಲಸವನ್ನು ಅವ್ವ ನನಗೆ ಒಪ್ಪಿಸಿದ್ದಳು. ಅದಕ್ಕೆಂದು ಒಂದು ಉದ್ದನೆಯ ನೋಟುಬುಕ್ಕು ತಂದೆ, ಅಡಿಕೋಲಿನಿಂದ ಗೆರೆ ಎಳೆದೆ. ಗೆರೆ ಎಳೆದ ಮೇಲೆ ಬರೀ ನೀರಿನ ಲೆಕ್ಕ ಸಾಲದೆನಿಸಿತು. ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ, ಅಜ್ಜಿಯ ಗುಳಿಗೆ, ಅಕ್ಕ ಸುನಂದಾ ಕಾಲೇಜಿನಿಂದ ಬಂದ ಹೊತ್ತು, ಎಲ್ಲವೂ ಅದರಲ್ಲಿ ಸೇರುತ್ತ ಹೋದವು. ಆ ನೋಟುಬುಕ್ಕು ಈಗಲೂ ನನ್ನ ಬಳಿ ಇದೆ. ಕೆಳಗೆ ಬರೆಯುವುದರಲ್ಲಿ ಎಣಿಕೆ ಇದ್ದಲ್ಲೆಲ್ಲ ಅದನ್ನು ನೋಡಿಯೇ ಬರೆದಿದ್ದೇನೆ. ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಪಾಳಿ ಮುಗಿಸಿ ಬಂದ ಅಪ್ಪ ಯಾರನ್ನೂ ಮುಟ್ಟದೆ, ಏನನ್ನೂ ಮುಟ್ಟದೆ ನೆಟ್ಟಗೆ ಹಿತ್ತಲಿನ ಬಚ್ಚಲಿಗೆ ಹೋಗುತ್ತಿದ್ದ. ಕಾರ್ಖಾನೆಯ ಧೂಳು ಕಿವಿಯ ಸುರುಳಿಯಲ್ಲಿ, ಹುಬ್ಬಿನಲ್ಲಿ, ಉಗುರ ಸಂದಿಯಲ್ಲಿ ಕೂತಿರುತ್ತಿತ್ತು. ಅವನು ಮಿಂದ ನೀರು ಮೊದಲು ಕಪ್ಪಗೆ, ಆಮೇಲೆ ಬೂದಿಯ ಬಣ್ಣದಲ್ಲಿ ಮೋರಿಯತ್ತ ಹರಿಯುತ್ತಿತ್ತು. ನೀರು ಇಂಗಿದ ಮೇಲೆ ಕಲ್ಲಿನ ಮೇಲೆ ಮಿಣಮಿಣ ಹೊಳೆಯುವ ಒಂದು ಪದರ ಉಳಿಯುತ್ತಿತ್ತು. ಅದನ್ನು ಹಿಡಿಕಸಬರಿಗೆಯಿಂದ ತಿಕ್ಕಿ ತೊಳೆಯುವುದು ನನ್ನ ಪಾಲಿನ ಕೆಲಸ. ಒಂದು ಸಂಜೆ ಕಸಬರಿಗೆ ಹಿಡಿದು ಹೋದಾಗ ಕಲ್ಲು ಕಲ್ಲಾಗಿಯೇ ಇತ್ತು. ಖುಷಿಯಾಗಿ ಆಡಲು ಓಡಿದೆ. ಮರುದಿನವೂ ಹಾಗೇ ಇತ್ತು. ಮೂರನೆಯ ದಿನ ಅಪ್ಪ ಮೀಯುವಾಗ ಹಿತ್ತಲಲ್ಲಿ ಕೂತು ಮೋರಿಯನ್ನೇ ನೋಡಿದೆ. ಸೋಪಿನ ನೊರೆ ಬೆಳ್ಳಗೆ ಬಂತು, ಬೆಳ್ಳಗೆ ಹೋಯಿತು. ಅಂದು ಹೊಸ ಪುಟ ತೆರೆದು ‘ನೀರು ತಿಳಿ’ ಎಂದು ಬರೆದೆ. ಆ ಪುಟದಲ್ಲಿ ಹನ್ನೊಂದು ಸಾಲುಗಳಿವೆ.

ಐದನೆಯ ಸಾಲು ಬರೆದ ದಿನ ತಡೆಯಲಾರದೆ ಅಪ್ಪನನ್ನೇ ಕೇಳಿದೆ. ಅವನು ಟವೆಲ್ಲಿನಲ್ಲಿ ತಲೆ ಒರೆಸಿಕೊಳ್ಳುತ್ತಿದ್ದ.

“ಅಪ್ಪ, ಈಗ ನಿನ್ನ ಎಲ್ಲಿ ಹಾಕ್ಯಾರ ಕೆಲಸಕ್ಕ?”

“ಬ್ಯಾರೆ ಗ್ಯಾಂಗಿಗೆ. ಸ್ಟೋರ್ ಒಳಗ. ಅಲ್ಲಿ ಧೂಳಿಲ್ಲ. ಬಸ್ಸೂ ಬ್ಯಾರೆ, ಬಸ್‌ಸ್ಟ್ಯಾಂಡಿಗೆ ಹೋಗಿ ಹತ್ತಬೇಕು.”

ನಾನು ಬಸ್ಸಿನ ಮಾತನ್ನೇ ಎತ್ತಿರಲಿಲ್ಲ. ಅಪ್ಪನನ್ನು ಎರಡು ಸಲ ಕೇಳದಿದ್ದರೆ ಯಾವುದಕ್ಕೂ ಉತ್ತರ ಬರುತ್ತಿರಲಿಲ್ಲ. ಅಂಥವನು ಕೇಳದ ಪ್ರಶ್ನೆಗೂ ಉತ್ತರ ಇಟ್ಟುಕೊಂಡಿದ್ದ. ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ, ಅಂಚಿಗೆ ಅಂಚು ಕೂಡಿಸಿ ಹಗ್ಗದ ಮೇಲೆ ಹಾಕಿದ. ಒದ್ದೆ ಟವೆಲ್ಲನ್ನು ಯಾರಾದರೂ ಮಡಿಸುತ್ತಾರೆಯೆ? ಅದನ್ನೂ ಬರೆದುಕೊಂಡೆ.

ಅಲ್ಲಿಂದ ಮುಂದೆ ಎಲ್ಲರ ಮೇಲೂ ಕಣ್ಣಿಟ್ಟೆ. ಆ ಹನ್ನೊಂದು ದಿನಗಳ ನಡುವೆ ಒಂದು ಸಿ ವಾರ ಬಂತು. ಮೊದಲಾದರೆ ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪ ಒರಗಿದ ಕೂಡಲೇ ಬಾಯಿ ತೆರೆದು ಮಲಗುತ್ತಿದ್ದ, ಮಗ್ಗುಲಲ್ಲಿ ಪಾತ್ರೆ ಬಿದ್ದರೂ ಎಚ್ಚರವಾಗುತ್ತಿರಲಿಲ್ಲ. ಈ ಸಲ ನೀರು ಕುಡಿಯುವ ನೆಪದಲ್ಲಿ ನಡುಮನೆಗೆ ಹೋದಾಗಲೆಲ್ಲ ಅವನ ಬಾಯಿ ಮುಚ್ಚಿತ್ತು, ಕೈಗಳು ಎದೆಯ ಮೇಲೆ ಜೋಡಿಸಿಟ್ಟಂತಿದ್ದವು, ಕಣ್ಣೆವೆ ಅದುರುತ್ತಿತ್ತು. ನಿದ್ದೆಯಲ್ಲಿರುವವನು ಯಾರೋ ಬಂದರೆಂದು ಉಸಿರು ಹಿಡಿಯುವುದಿಲ್ಲ. ಅಪ್ಪ ಹಿಡಿಯುತ್ತಿದ್ದ. ಅವನ ಶೇವಿಂಗ್ ಪೆಟ್ಟಿಗೆ, ಅವನ ಚಪ್ಪಲಿ, ಅವನ ಊಟದ ಡಬ್ಬಿ ಎಲ್ಲವೂ ಹಿಂದೆಂದಿಗಿಂತ ಓರಣವಾಗಿದ್ದವು. ಡಬ್ಬಿಯನ್ನಂತೂ ಅವನೇ ತೊಳೆದು ತರುತ್ತಿದ್ದ. ಮನೆಯಲ್ಲಿ ಅಷ್ಟು ಮೆತ್ತಗೆ ಮಾತಾಡುವ ಅಪ್ಪನನ್ನು ನಾನು ಕಂಡಿರಲಿಲ್ಲ. ಉಪ್ಪು ಕಮ್ಮಿಯಾದರೂ ಸುಮ್ಮನೆ ಉಣ್ಣುತ್ತಿದ್ದ.

ಅವ್ವನ ಕೈಗೆ ಆ ದಿನಗಳಲ್ಲಿ ಬಿಡುವೇ ಇರಲಿಲ್ಲ. ಮೇಲಿನ ಹಲಗೆಯ ಹಿತ್ತಾಳೆ ಪಾತ್ರೆಗಳನ್ನು ವರ್ಷಕ್ಕೊಮ್ಮೆ ಇಳಿಸುವವಳು ಆ ತಿಂಗಳು ಮೂರು ಸಲ ಇಳಿಸಿದಳು. ಹುಣಸೆಹಣ್ಣಿನಿಂದ ತಿಕ್ಕಿ, ಬಿಸಿಲಿಗಿಟ್ಟು, ಮತ್ತೆ ಏರಿಸಿದಳು. ಮಾತು ಬಂದರೆ ಜಗಳಕ್ಕೇ ಬರುತ್ತಿತ್ತು, ಅದೂ ಎಂಥ ಜಗಳ. ಅಕ್ಕ ವಗ್ಗರಣಿ ಮಂಡಕ್ಕಿಯ ಮೇಲೆ ಪುಟಾಣಿ ಹಿಟ್ಟು ಜಾಸ್ತಿ ಉದುರಿಸಿದಳೆಂದು ಅರ್ಧ ತಾಸು ಕೂಗಾಡಿದಳು.

“ಮನಿ ಅಂದ್ರ ಮಾವಿನ ತೋಪು ಅಂತ ತಿಳ್ಕೊಂಡಿಯೇನ್ಲೇ? ಕೈಗೆ ಸಿಕ್ಕಷ್ಟು ಉದುರಿಸಾಕ?”

“ಪುಟಾಣಿ ಹಿಟ್ಟು ಮಾವಿನ ತೋಪಿನಾಗ ಬೆಳಿತೈತೇನವ್ವ?” ಎಂದು ಅಕ್ಕ ನಕ್ಕಳು.

“ನಗು, ನಗು. ನಿನಗ ಯಾವುದಕ್ಕೆ ಅಳು ಬರತೈತಿ ಹೇಳು.”

ಅದು ನಿಜ. ಅಕ್ಕನಿಗೆ ಅಳು ಬರುತ್ತಿರಲಿಲ್ಲ. ಮನೆಯಲ್ಲಿ ಬಿಗಿ ಹೆಚ್ಚಾದಷ್ಟೂ ಅವಳ ನಕಲು ಹೆಚ್ಚಾಗುತ್ತಿತ್ತು. ಪಕ್ಕದ ಮನೆಯ ನಾಗವೇಣಿ ಆಂಟಿ ಸೆರಗು ಸಿಗಿಸಿಕೊಂಡು ಬಂದು ಸುದ್ದಿ ಕೇಳುವ ರೀತಿ, ಅಜ್ಜಿ ಗುಳಿಗೆ ನುಂಗುವಾಗ ಮುಖ ಕಿವುಚುವ ರೀತಿ, ಅಪ್ಪ ಕನ್ನಡಿಯ ಮುಂದೆ ವಿಭೂತಿಯ ಮೂರು ಗೆರೆ ಎಳೆಯುವ ರೀತಿ. ನಾವೆಲ್ಲ ನಗುತ್ತಿದ್ದೆವು. ಅಪ್ಪನ ನಕಲು ಮಾಡಿದ ದಿನ ಮಾತ್ರ ಅವ್ವ ನಗದೆ ಎದ್ದು ಒಳಗೆ ಹೋದಳು.

ಅಜ್ಜಿ ಕಂಪ್ಲಿಯವಳು, ಅಪ್ಪನ ತಾಯಿ. ಆಕೆಯ ಅಳು ಮಳೆಯ ಹಾಗೆ, ಬಂದರೆ ಇಡೀ ಓಣಿಗೆ ಗೊತ್ತಾಗುತ್ತಿತ್ತು, ನಿಂತರೆ ನೆಲವೂ ಒಣಗಿರುತ್ತಿತ್ತು. ಅತ್ತ ಹತ್ತು ನಿಮಿಷಕ್ಕೆ ಎಲೆಯಡಿಕೆ ಹಾಕಿಕೊಂಡು ಗೊರಕೆ ಹೊಡೆಯುತ್ತಿದ್ದಳು. ಒಂದು ಮಧ್ಯಾಹ್ನ ಕಂಪ್ಲಿಯಿಂದ ಅವಳ ತಂಗಿಯ ಫೋನು ಬಂತು. ಹೂಂ, ಹೂಂ ಎಂದು ಕೇಳಿ ಇಟ್ಟವಳು ಗೋಡೆಗೆ ಒರಗಿ ಜೋರಾಗಿ ಅತ್ತಳು.

“ಏನಾತಬೇ ಅಜ್ಜಿ?” ಎಂದೆ.

“ನಮ್ಮ ಗೌರಿ ನೆನಪಾತವ್ವ.”

ಗೌರಿ ಎಂದರೆ ಕಂಪ್ಲಿಯ ಮನೆಯಲ್ಲಿದ್ದ ಎಮ್ಮೆ. ನಾನು ಹುಟ್ಟುವ ಮೊದಲೇ ಸತ್ತಿತ್ತು.

ನೋಟುಬುಕ್ಕಿನಲ್ಲಿ ನಾಲ್ಕು ಕಾಲಂ ಹಾಕಿ ನಾಲ್ವರನ್ನೂ ಬರೆಯತೊಡಗಿದೆ. ಅಪ್ಪ: ಮಡಿಸಿದ್ದು. ಅವ್ವ: ತಿಕ್ಕಿದ್ದು, ಬೈದದ್ದು. ಅಕ್ಕ: ನಕ್ಕದ್ದು. ಅಜ್ಜಿ: ಅತ್ತದ್ದು. ದಿನದ ಕೊನೆಗೆ ಗೀಟುಗಳನ್ನು ಐದೈದಾಗಿ ಕಟ್ಟಿ ಎಣಿಸುತ್ತಿದ್ದೆ. ಆ ವಯಸ್ಸಿನ ನನ್ನ ತರ್ಕ ನೇರವಾಗಿತ್ತು. ಅಳುವವರ ಒಳಗೆ ಏನೂ ಉಳಿದಿರುವುದಿಲ್ಲ, ಕೂಗುವವರು ಬೇರೆ ಯಾವುದಕ್ಕೋ ಕೂಗುತ್ತಿರುತ್ತಾರೆ, ತಣ್ಣಗಿರುವವನೇ ಮುಚ್ಚಿಡುತ್ತಿರುವವನು. ಹೀಗಾಗಿ ನನ್ನ ಅನುಮಾನದ ಅಂಕವೆಲ್ಲ ಅಪ್ಪನಿಗೇ ಹೋಯಿತು. ಅವ್ವನ ಬಗ್ಗೆ ಮರುಕವಿತ್ತು. ಪಾಪ, ಏನೂ ತಿಳಿಯದೆ ದಿನಾ ಡಬ್ಬಿ ಕಟ್ಟುತ್ತಾಳಲ್ಲ ಎಂದು. ಈಗ ಆ ಪುಟಗಳನ್ನು ತಿರುವಿದರೆ, ಐದು ಜನರ ಮನೆಯಲ್ಲಿ ನಾಲ್ಕೇ ಕಾಲಂ ಹಾಕಿದ್ದೇನೆಂಬುದು ಮೊದಲು ಕಣ್ಣಿಗೆ ಬೀಳುತ್ತದೆ. ಆಗೆಲ್ಲ ನಾನೇನು ಮಾಡುತ್ತಿದ್ದೆನೆಂದು ಯಾರೂ ಬರೆದಿಡಲಿಲ್ಲ. ಬರೆಯುತ್ತಿದ್ದೆ, ಅಷ್ಟೇ.

ಹನ್ನೆರಡನೆಯ ದಿನ ಬಚ್ಚಲ ನೀರಿಗೆ ಮತ್ತೆ ಬಣ್ಣ ಬಂತು. ಈ ಸಲ ಕಪ್ಪಲ್ಲ. ತೆಳು ಹಳದಿ, ಅದರ ಮೇಲೆ ತೇಲುವ ಸಣ್ಣ ಚೂರುಗಳು. ಅಪ್ಪನ ಕುತ್ತಿಗೆ ಕೆರೆದು ಕೆರೆದು ಕೆಂಪಾಗಿತ್ತು. ಮೋರಿಯ ಬಾಯಿಗೆ ಸಿಕ್ಕಿದ್ದ ಒಂದು ಚೂರನ್ನು ಎತ್ತಿ ಬೆಳಕಿಗೆ ಹಿಡಿದೆ. ಅವ್ವನ ತವರು ಮೆಟ್ರಿಯಲ್ಲಿ ಭತ್ತದ ರಾಶಿ ಮಾಡುವಾಗ ರಜೆಯೆಲ್ಲ ಅದರ ಮೇಲೆ ಉರುಳಾಡಿ ಮೈ ಕೆರೆದುಕೊಂಡವಳು ನಾನು. ಗುರುತು ಹಿಡಿಯಲು ಕಷ್ಟವಾಗಲಿಲ್ಲ. ಅದು ಭತ್ತದ ಹೊಟ್ಟು. ಒಣಗಿಸಿ ಟೇಪಿನಿಂದ ಪುಟಕ್ಕೆ ಅಂಟಿಸಿದೆ. ಉಕ್ಕಿನ ಕಾರ್ಖಾನೆಯ ಸ್ಟೋರಿನಲ್ಲಿ ಭತ್ತದ ಹೊಟ್ಟು ಎಲ್ಲಿಂದ ಬರಬೇಕು?

ಮುಂದಿನ ಆರು ವಾರವೂ ಹೊಟ್ಟು ಬರುತ್ತಲೇ ಇತ್ತು, ಕೊನೆಗೆ ಅಕ್ಕನಿಗೆ ತೋರಿಸಿದೆ. ಅವಳು ಪುಟವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

“ಎಲ್ಲ್ಯೋ ಇನ್ನೊಂದು ಮನಿ ಮಾಡಿರಬೇಕು ಬಿಡು ನಿಮ್ಮಪ್ಪ. ಗದ್ದಿ ಗಿದ್ದಿ ಇರೋ ಹೆಂಗ್ಸೇ ಸಿಕ್ಕಾಳ. ಅಕ್ಕಿ ಚಿಂತಿ ತಪ್ಪಿತು.”

ಹಾಗೆಂದು ನಕ್ಕಳು. ಅವಳಿಗೆ ಅದು ನಗೆ, ನನಗೆ ಎರಡು ದಿನ ಅನ್ನ ಸೇರಲಿಲ್ಲ. ಅಪ್ಪನ ಜೇಬು ತಡಕಿದೆ. ಬಸ್ಸಿನ ಚೀಟಿ ಒಂದೂ ಇರಲಿಲ್ಲ. ಚೀಟಿ ಇಲ್ಲದ್ದೇ ಹೆಚ್ಚು ಅನುಮಾನಕ್ಕೆ ಕಾರಣವಾಯಿತು. ಯಾರೋ ಹುಷಾರಾಗಿ ಎಸೆದು ಬರುತ್ತಿದ್ದಾರೆ ಎಂದು ಬರೆದೆ. ಬರೆದ ಮೇಲೆ ಅವ್ವನಿಗೆ ಹೇಳಲೇಬೇಕೆಂದು ನಿಶ್ಚಯ ಮಾಡಿದೆ.

ಹಿತ್ತಲು ನಮಗೂ ನಾಗವೇಣಿ ಆಂಟಿಯವರಿಗೂ ಒಂದೇ, ಬಟ್ಟೆ ಒಗೆಯುವ ಕಲ್ಲೂ ಒಂದೇ. ಆಂಟಿಯ ಗಂಡನೂ ಅದೇ ಕಾರ್ಖಾನೆಯಲ್ಲಿ, ಬೇರೆ ವಿಭಾಗದಲ್ಲಿ, ಕ್ರೇನು ನಡೆಸುತ್ತಿದ್ದ. ಗುರುವಾರ ಬೆಳಿಗ್ಗೆ ಶಾಲೆಗೆ ಹೊರಡುವ ಮುನ್ನ ಅಡುಗೆಮನೆಗೆ ಹೋದೆ. ಅವ್ವ ನೀರೊಲೆಯ ಮುಂದೆ ಬೆನ್ನು ಹಾಕಿ ಕೂತಿದ್ದಳು. ತೊಡೆಯ ಮೇಲೆ ಅಪ್ಪನ ಅಂಗಿ. ಒಲೆಯೊಳಗೆ ಕೈಹಾಕಿ ಮಸಿ ತೆಗೆದು, ಅಂಗಿಯ ಕಾಲರಿಗೆ ಹಚ್ಚಿ, ಹೆಬ್ಬೆರಳಿನಿಂದ ತಿಕ್ಕಿ ನೂಲಿನೊಳಗೆ ಇಳಿಸುತ್ತಿದ್ದಳು. ಕಾಲರು ಮುಗಿದ ಮೇಲೆ ತೋಳಿನ ಅಂಚು. ಜೇಬನ್ನು ಒಳಹೊರಗು ಮಾಡಿ ಹೊಟ್ಟನ್ನು ಒಲೆಗೆ ಝಾಡಿಸಿದಳು. ಆಮೇಲೆ ಅಂಗಿಯನ್ನು ಎತ್ತಿ ಹಿಡಿದು, ದೂರದಿಂದ ಹೇಗೆ ಕಾಣುತ್ತದೆಂದು ತಲೆ ವಾರೆ ಮಾಡಿ ನೋಡಿದಳು.

ತಿರುಗಿದಾಗ ನಾನು ಬಾಗಿಲಲ್ಲಿದ್ದೆ.

“ಎಷ್ಟೊತ್ತಾತು ನಿಂತು?”

“ಕಾಲರಿಂದ.”

ಅವ್ವ ಬೈಯಲಿಲ್ಲ. ಅಂಗಿಯನ್ನು ಬಕೀಟಿಗೆ ಹಾಕಿ, ಹಿತ್ತಲ ಬಾಗಿಲ ಅಗುಳಿ ಹಾಕಿ ಬಂದು ಕೂತಳು.

“ಆ ನಾಗವೇಣಿ ಕಣ್ಣು ಹದ್ದಿನ ಕಣ್ಣು. ಮೊನ್ನೆ ಅಂತಾಳ, ‘ನಿಮ್ಮನಿಯವರ ಅಂಗಿ ಭಾಳ ಬಿಳುಪಾಗೈತಲ್ರಿ, ಯಾವ ಸೋಪು?’ ಅಂತ. ಅವತ್ತಿಂದ ಹಿಂಗ ಮಾಡಾಕ ಹತ್ತೀನಿ.”

“ಅಪ್ಪ ಕಾರ್ಖಾನಿಗೆ ಹೋಗವಲ್ಲ ಅಂತ ನಿನಗ ಗೊತ್ತಾ?”

“ಅಂಗಿ ಒಗಿಯಾಕಿ ನಾನು.”

“ಮತ್ತ ಕೇಳಿಲ್ಲ ಯಾಕ?”

ಆಗ ಅವ್ವ ಹೇಳಿದ್ದನ್ನು ನಾನು ಅಂದೇ ಬರೆದಿಟ್ಟೆ. ಅಪ್ಪ ಕಾಲೇಜಿನಲ್ಲಿದ್ದಾಗ ಪಿಯುಸಿ ಪರೀಕ್ಷೆಯಲ್ಲಿ ನಪಾಸಾದ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ಮುಖದಲ್ಲೂ ಏನೂ ಕಾಣಿಸಿರಲಿಲ್ಲ. ಕಂಪ್ಲಿಯ ಮನೆಯ ಕಟ್ಟೆಯ ಮೇಲೆ ನಾಲ್ಕು ಜನ ಕೂತಿದ್ದಾಗ ಅಜ್ಜ ಕೇಳಿದನಂತೆ, ‘ಏನಾತೋ ನಿನ್ನ ರಿಸಲ್ಟು?’ ಎಂದು. ‘ಬಂದೆ’ ಎಂದು ಒಳಗೆ ಹೋದವನು ಹಿತ್ತಲಿನಿಂದ ಹೊರಟುಹೋದ. ಸಿಕ್ಕದ್ದು ಒಂಬತ್ತು ದಿನಗಳ ನಂತರ, ಸಂಡೂರಿನ ಹತ್ತಿರ ಲಾರಿಗೆ ಅದಿರು ತುಂಬುವ ಕಡೆ. ಕೂದಲಿಂದ ಕಾಲಿನ ತನಕ ಕೆಂಪಾಗಿದ್ದ. ಹುಡುಕಿಕೊಂಡು ಹೋದ ಅಜ್ಜಿಗೆ ಸ್ವಂತ ಮಗನ ಗುರುತು ಹತ್ತಲಿಲ್ಲವಂತೆ.

“ಅವನು ಸುಳ್ಳುಗಾರ ಅಲ್ಲ ತಂಗಿ. ಎದುರಿಗೆ ನಿಂತು ಕೇಳಿದ್ರ ಅವನಿಗೆ ನಿಲ್ಲಾಕ ಆಗಂಗಿಲ್ಲ. ಅವನಾಗೇ ಹೇಳಬೇಕು, ಇಲ್ಲಾ ನಾವು ಗೊತ್ತಿಲ್ಲದಂಗ ಇರಬೇಕು. ಅವಾಗ ಒಂಬತ್ತು ದಿನ. ಈಗ ಹೋದ್ರ ಎಷ್ಟು ದಿನ ಅಂತ ನಿನ್ನ ಬುಕ್ಕಿನಾಗ ಬರ್ಕೊಂಡು ಕುಂದ್ರತೀಯೇನು?”

ಅಪ್ಪನ ಮೇಸ್ತ್ರಿಯ ಗುತ್ತಿಗೆ ಮುಗಿದು ಹೊಸಬರು ಬಂದಿದ್ದರು, ಹೊಸಬರು ತಮ್ಮ ಜನರನ್ನು ತಂದಿದ್ದರು. ಇದು ಅವ್ವನಿಗೆ ಪೇಟೆಯಲ್ಲಿ ಸಿಕ್ಕ ಅಪ್ಪನ ಜೊತೆಗಾರನ ಹೆಂಡತಿಯಿಂದ ತಿಳಿದಿತ್ತು. ಅಪ್ಪ ಈಗ ಎಲ್ಲಿಗೆ ಹೋಗುತ್ತಾನೆಂಬುದು ಮಾತ್ರ ಅವ್ವನಿಗೂ ಗೊತ್ತಿರಲಿಲ್ಲ. ನಾನು ಹೊಟ್ಟು ಅಂಟಿಸಿದ ಪುಟ ತೋರಿಸಿದೆ. ಅವ್ವ ಅದರ ಮೇಲೆ ಬೆರಳಾಡಿಸಿದಳು. ಅಷ್ಟರಲ್ಲಿ ಹಿಂದಿನಿಂದ ಅಜ್ಜಿಯ ದನಿ ಬಂತು.

“ಕಂಪ್ಲ್ಯಾಗ ಅಕ್ಕಿ ಮಿಲ್ಲಿಗೆ ಹೋಗತಾನ. ಚೀಲದ ಬಾಯಿ ಹೊಲಿತಾನ. ನನ್ನ ತಂಗಿ ನೋಡ್ಯಾಳ.”

“ಮತ್ತ ಗೌರಿ ಅಂತ ಅತ್ತಿ?” ಎಂದೆ.

“ಯಾವುದಕ್ಕಾರ ಅಳಬೇಕಲ್ಲವ್ವ.”

ಅಪ್ಪ ಕಂಪ್ಲಿ ಬಸ್ಸು ಹತ್ತುವುದನ್ನು ಅಕ್ಕನೂ ಕಂಡು ಮೂರು ವಾರವಾಗಿತ್ತೆಂದು ಅಂದು ಸಂಜೆ ತಿಳಿಯಿತು. ಅಂದರೆ ಎಲ್ಲರಿಗೂ ಗೊತ್ತಿತ್ತು. ಒಬ್ಬೊಬ್ಬರೂ ತಾವೊಬ್ಬರೇ ಬಲ್ಲೆವೆಂದು ಉಳಿದವರಿಂದ ಕಾಪಾಡಿಕೊಂಡು ಬಂದಿದ್ದರು. ನಾನು ಇಷ್ಟು ದಿನ ಎಣಿಸಿದ್ದು ಒಂದೇ ಸಂಗತಿ ನಾಲ್ಕು ಮೈಗಳಲ್ಲಿ ಹಿಡಿದ ನಾಲ್ಕು ದಾರಿಗಳನ್ನು. ಮನೆಯಲ್ಲಿ ಒಬ್ಬನೇ ಮುಚ್ಚಿಡುತ್ತಿದ್ದಾನೆಂಬ ನನ್ನ ಲೆಕ್ಕ ಪೂರ್ತಿ ತಪ್ಪಿತ್ತು. ಆದರೂ ಅನುಮಾನ ಹೋಗಲಿಲ್ಲ, ದಿಕ್ಕು ಬದಲಿಸಿತು. ಇನ್ನು ಮೇಲೆ ನಾನು ನಾಗವೇಣಿ ಆಂಟಿಯನ್ನು ನೋಡತೊಡಗಿದೆ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದು ಹಿತ್ತಲಲ್ಲಿ ಸಮವಸ್ತ್ರ ಒಗೆಯುತ್ತಿದ್ದೆ. ಆಂಟಿ ಬಂದು ಕಲ್ಲಿನ ಇನ್ನೊಂದು ಬದಿಗೆ ಬಕೀಟು ಇಟ್ಟಳು. ಆ ವಾರ ಅಪ್ಪನದು ಎ.

“ನಾಡಿದ್ದಿಂದ ನಿಮ್ಮಪ್ಪಂಗ ಸಿ ಅಲ್ಲೇನ ಶೈಲಿ?”

“ಬಿ ಆಂಟಿ. ಎ ಆದ ಮ್ಯಾಲ ಬಿ.”

“ಅಯ್ಯ, ಗೊತ್ತಿಲ್ಲೇನು? ಈ ತಿಂಗಳಿಂದ ಎಲ್ರಿಗೂ ಉಲ್ಟಾ ಮಾಡ್ಯಾರ. ಎ ಆದ ಮ್ಯಾಲ ಸಿ. ಸ್ಟೋರಿನವರಿಗೂ ಅಷ್ಟೇ, ಗುತ್ತಿಗಿಯವರಿಗೂ ಅಷ್ಟೇ. ನಮ್ಮನಿಯವರು ಹೇಳಿದ್ರು. ನಿಮ್ಮಪ್ಪ ಹೇಳಿಲ್ಲ?”

“ಹೇಳಿರಬೇಕು. ನಾನ ಮರ್ತಿರಬೇಕು.”

“ನೀ ಮರಿಯಾಕಿ ಅಲ್ಲಬಿಡು,” ಎಂದು ಆಂಟಿ ಅಪ್ಪನ ಒಣಗಿದ ಅಂಗಿಯನ್ನು ಹಗ್ಗದ ಮೇಲೆ ಸರಿಸಿ ತನ್ನ ಸೀರೆಗೆ ಜಾಗ ಮಾಡಿಕೊಂಡಳು. “ಸೋಮವಾರ ಹನ್ನೆರಡೂವರೆಗೆ ಬಾಗಿಲಾಗೇ ಇರ್ತೀನಿ ತಗಿ. ಹೊಂಟ್ರ ನಾನೇ ಕೇಳ್ತೀನಿ ನಿಮ್ಮಪ್ಪನ್ನ.”

ಅವಳ ದನಿಯಲ್ಲಿ ಕೇಡು ಇರಲಿಲ್ಲ. ತಿಳಿದುಕೊಳ್ಳುವ ಆಸೆ ಇತ್ತು, ಅದು ಕೇಡಿಗಿಂತ ಹೆದರಿಕೆ ಹುಟ್ಟಿಸಿತು. ಸೋಮವಾರ ಮಧ್ಯಾಹ್ನ ನಮ್ಮ ಓಣಿಯ ಹೆಂಗಸರೆಲ್ಲ ಬಾಗಿಲಲ್ಲೇ ಇರುತ್ತಾರೆ. ಅಪ್ಪ ಹಳೆಯ ಕ್ರಮದ ಪ್ರಕಾರ ಡಬ್ಬಿ ಹಿಡಿದು ಹೊರಬೀಳುತ್ತಾನೆ. ಕೆಲಸವಿಲ್ಲದ ಕಾರ್ಖಾನೆಯ ಪಾಳಿಯನ್ನು ಎರಡು ತಿಂಗಳಿಂದ ಒಂದು ದಿನವೂ ತಪ್ಪದೆ ಪಾಲಿಸಿದ್ದ ಮನುಷ್ಯನಿಗೆ, ಆ ಪಾಳಿಯೇ ತಿರುವುಮುರುವಾದದ್ದು ಗೊತ್ತಾಗುವ ದಾರಿ ಯಾವುದೂ ಇರಲಿಲ್ಲ. ನಾಲ್ಕು ಜನರೆದುರು ಕೇಳುತ್ತಾರೆ. ಅವನು ‘ಬಂದೆ’ ಎನ್ನುತ್ತಾನೆ.

ಓಡಿಹೋಗಿ ಅವ್ವನಿಗೆ ಹೇಳಿದೆ. ಅವಳ ಕೈ ಹಿಟ್ಟಿನಲ್ಲಿತ್ತು.

“ಅಪ್ಪಗ ಹೇಳಿಬಿಡೋಣ, ಎ ಆದ ಮ್ಯಾಲ ಸಿ ಅಂತ.”

“ಹೆಂಗ ಹೇಳ್ತಿ? ಹೇಳಿದ್ರ ನಮಗ ಗೊತ್ತೈತಿ ಅಂತ ಆಕ್ಕತಿ. ಸುಮ್ಮನಿರು, ನಾ ಏನಾರ ನೋಡತೀನಿ.”

ಅವ್ವ ಏನೂ ನೋಡಲಿಲ್ಲ. ರೊಟ್ಟಿ ಬಡಿದಳು. ನಮ್ಮ ಮನೆಗೆ ಒಪ್ಪತ್ತಿಗೆ ಹದಿನಾರು ರೊಟ್ಟಿ ಸಾಕು. ಅಂದು ಮೂವತ್ತೊಂದು ಬಡಿದಳು. ಅಕ್ಕ, “ಮಠದಾಗ ಜಾತ್ರಿ ಐತೇನು?” ಎಂದು ನಗಲು ನೋಡಿ, ನಡುವೆಯೇ ನಿಲ್ಲಿಸಿದಳು. ಅಜ್ಜಿ ಮಾತ್ರ ಎರಡು ಸಲ ಅತ್ತು, ಎರಡು ಸಲ ನಿದ್ದೆ ಮಾಡಿ, ನಮ್ಮೆಲ್ಲರಿಗಿಂತ ಚೆನ್ನಾಗಿದ್ದಳು.

ಭಾನುವಾರ ಅಪ್ಪ ಬಚ್ಚಲಿಗೆ ಹೋದ. ನೀರು ಸುರಿಯುವ ಸದ್ದು ಕೇಳಿಸಿತು. ನಾನು ಕುರ್ಚಿ ಎಳೆದು ಹತ್ತಿ, ಕ್ಯಾಲೆಂಡರಿನಲ್ಲಿ ಸೋಮವಾರದಿಂದ ಶನಿವಾರದ ತನಕ ಆರು ಚೌಕಗಳಲ್ಲಿ ಸಿ ಎಂದು ಬರೆದೆ. ಅಪ್ಪನ ಕೈಬರಹದಂತೆ ಬರೆಯಲು ನೋಡಿದೆ. ಅವನ ಸಿ ನೆಟ್ಟಗೆ ನಿಲ್ಲುತ್ತಿತ್ತು, ನನ್ನದು ಮೂರನೆಯ ಚೌಕದಿಂದ ವಾಲಿತು. ಇಳಿದು ಕುರ್ಚಿಯನ್ನು ಇದ್ದಲ್ಲಿಗೆ ತಳ್ಳಿ, ಮೂಲೆಯಲ್ಲಿ ಪಾಠದ ಪುಸ್ತಕ ಬಿಚ್ಚಿ ಕೂತೆ.

ಅಪ್ಪ ವಿಭೂತಿ ಹಚ್ಚಿಕೊಂಡು, ಪೂಜೆ ಮುಗಿಸಿ ಬಂದ. ಜೇಬಿನಿಂದ ಪೆನ್ನು ತೆಗೆದ. ಮುಚ್ಚಳ ಬಿಚ್ಚುವ ಕೈ ಅಲ್ಲಿಗೇ ನಿಂತಿತು.

“ಯಾರು ಬರದದ್ದು ಇದು?”

“ನಾನು.”

“ಯಾಕ?”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಪುಸ್ತಕ ನೋಡುತ್ತಲೇ ಹೇಳಿದೆ.

“ಈ ತಿಂಗಳಿಂದ ಎಲ್ರಿಗೂ ಉಲ್ಟಾ ಮಾಡ್ಯಾರಂತ ಅಪ್ಪ. ಎ ಆದ ಮ್ಯಾಲ ಸಿ. ನಾಗವೇಣಿ ಆಂಟಿ ಹೇಳಿದ್ರು. ನಾಳೆ ಮಧ್ಯಾಹ್ನ ಬಾಗಿಲಾಗ ಇರ್ತಾರಂತ.”

ಅವನು ತಿರುಗಲಿಲ್ಲ. ನಾನು ಎಣಿಸತೊಡಗಿದೆ, ಬೇರೇನೂ ತೋಚದೆ. ಮೂವತ್ತರ ತನಕ ಅವನು ಆ ಆರು ಚೌಕಗಳನ್ನೇ ನೋಡುತ್ತಿದ್ದ. ನಲವತ್ತಕ್ಕೆ ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸೇರಿಸಿದ. ಆಮೇಲೆ ಬಾಗಿಲ ಬಳಿ ಹೋಗಿ ಚಪ್ಪಲಿ ಮೆಟ್ಟಿದ. ಅವ್ವ ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತಿದ್ದಳು. ಅವಳ ಎರಡೂ ಕೈ ಖಾಲಿ ಇದ್ದವು. ಅವಳು ಹಾಗೆ ಏನೂ ಹಿಡಿಯದೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಬಂದೆ,” ಎಂದ ಅಪ್ಪ.

ಹೊರಗೆ ಹೋದ. ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡಳು, ಅಳು ಬರಲಿಲ್ಲ. ಅಕ್ಕ ನನ್ನ ಪಕ್ಕದಲ್ಲಿ ಬಂದು ಕೂತು ನನ್ನ ಮಣಿಕಟ್ಟು ಹಿಡಿದಳು, ನೋವಾಗುವಷ್ಟು. ನನಗೆ ಕಂಡದ್ದು ಸಂಡೂರಿನ ಕೆಂಪು ಗುಡ್ಡ ಮತ್ತು ಗುರುತು ಹತ್ತದ ಒಬ್ಬ ಮನುಷ್ಯ. ಬರೆದು ಕಳಿಸಿದವಳು ನಾನು. ಆ ಗಳಿಗೆಯಲ್ಲಿ ನೋಟುಬುಕ್ಕನ್ನು ನೀರೊಲೆಗೆ ಹಾಕಿದರೆ ಅವನು ತಿರುಗಿ ಬರುತ್ತಾನೆಂದು ಯಾರಾದರೂ ಹೇಳಿದ್ದರೆ ಹಾಕಿಬಿಡುತ್ತಿದ್ದೆ.

ಆಗ ನಡುಗೋಡೆಯ ಆಚೆಯಿಂದ ಅವನ ದನಿ ಕೇಳಿಸಿತು. ಪಕ್ಕದ ಮನೆಯ ಪಡಸಾಲೆಯಲ್ಲಿ ನಿಂತು ಮಾತಾಡುತ್ತಿದ್ದ, ಯಾವಾಗಲೂ ಮಾತಾಡುವುದಕ್ಕಿಂತ ಗಟ್ಟಿಯಾಗಿ.

“ಕುಂದ್ರಂಗಿಲ್ರಿ, ಒಂದು ಮಾತು ಹೇಳಿ ಹೋಗತೀನಿ. ನಾನು ಕಾರ್ಖಾನಿ ಬಿಟ್ಟು ಎರಡು ತಿಂಗಳಾತು. ಗುತ್ತಿಗಿ ಮುಗೀತು, ತಗದ್ರು. ಈಗ ಕಂಪ್ಲ್ಯಾಗ ಅಕ್ಕಿ ಮಿಲ್ಲಿಗೆ ಹೋಗತೀನಿ. ಚೀಲ ಹೊಲಿತೀನಿ. ಮನ್ಯಾಗ ಹೇಳಿರಲಿಲ್ಲ. ಹೇಳಬೇಕು ಹೇಳಬೇಕು ಅಂತ ದಿನಾ ಅಂದ್ಕೊಂಡೆ, ಬಾಯಿ ಬರಲಿಲ್ಲ.”

ಆಂಟಿ ಏನೋ ಅಂದಳು. ಅವಳ ಗಂಡ, “ಕುಂದ್ರಿ ಮಲ್ಲಣ್ಣ, ಚಾ ಕುಡೀರಿ,” ಎಂದ.

“ಬ್ಯಾಡ್ರಿ. ಮನ್ಯಾಗ ಕಾಯತಿರ್ತಾರ.”

ಅವ್ವನೂ ಬಂದು ಸೇರಿ, ನಾವು ನಾಲ್ವರೂ ಗೋಡೆಯ ಕಡೆ ಮುಖ ಮಾಡಿ ಕೂತಿದ್ದೆವು. ಚಪ್ಪಲಿಯ ಸದ್ದು ಓಣಿಗೆ ಇಳಿಯಿತು, ನಮ್ಮ ಮೆಟ್ಟಿಲು ಹತ್ತಿತು. ಅಪ್ಪ ಒಳಗೆ ಬಂದು ನಮ್ಮ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದ. ಅವನ ಹಣೆಯ ಮೇಲೆ ವಿಭೂತಿ ಬೆವರಿಗೆ ಕದಡಿತ್ತು.

“ಕೇಳಿಸ್ತೇನು?” ಎಂದ.

“ಕೇಳಿಸ್ತಪ್ಪ,” ಎಂದಳು ಅಜ್ಜಿ.

“ಹಂಗಾದ್ರ ನಾ ಇನ್ನೊಮ್ಮಿ ಹೇಳಂಗಿಲ್ಲ.”

“ಬ್ಯಾಡ ಬಿಡು,” ಎಂದಳು ಅವ್ವ. “ಕೈ ತೊಳ್ಕೋ ಹೋಗು.”